ಲೆಸ್ಸೇ ಫೇರ್: ಒಂದು ಫ್ರೆಂಚ್ ಮಾತು ನಡೆದು ಬಂದ ದಾರಿ

ಬೇರೆ ಭಾಷೆಗಳಿಂದ ಪದಗಳನ್ನು ಎರವಲು ತರುವುದರಲ್ಲಿ ಇಂಗ್ಲಿಷ್ ಭಾಷೆ ಎಂದೂ ಸಂಕೋಚಪಟ್ಟದ್ದಲ್ಲ. ನಮ್ಮ ದೇಶದಿಂದ ‘ಬಂಗಲೆ’ಯನ್ನೂ ಕೊಂಡೊಯ್ದಿತು, ‘ಲೂಟಿ’ಯನ್ನೂ ಕೊಂಡೊಯ್ದಿತು, ತಂದ ಎರವನ್ನು ಹಿಂದಿರುಗಿಸಿದ ಉದಾಹರಣೆ ಮಾತ್ರ ಇಲ್ಲ. ಫ್ರೆಂಚಿನಿಂದ ತಂದ ಪದಗಳಿಗಂತೂ ಲೆಕ್ಕವಿಲ್ಲ. ಅವುಗಳಲ್ಲಿ ಬಹುಪಾಲು ವೇಷ ಬದಲಿಸಿ ಇಂಗ್ಲಿಷೇ ಆಗಿಹೋದವು. ಕೆಲವು ಮಾತ್ರ ಇಂದಿಗೂ ಹುಟ್ಟೂರಿನ ಉಡುಪಿನಲ್ಲೇ ಓಡಾಡುತ್ತವೆ. ಅಂಥವುಗಳಲ್ಲಿ ಒಂದು ‘ಲೆಸ್ಸೇ ಫೇರ್’. ಆಯವ್ಯಯದ ಚರ್ಚೆ, ಧಾನ್ಯದ ಬೆಲೆಯ ವಿಚಾರ, ಸರಕಾರ ಮತ್ತು ವ್ಯಾಪಾರಸ್ಥರ ಸಂಬಂಧ ಇವುಗಳಲ್ಲಿ ಯಾವುದು ಬಂದರೂ ಈ ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ನಮ್ಮ ಅರ್ಥಶಾಸ್ತ್ರದ ಪುಸ್ತಕಗಳು ಇದನ್ನು ‘ಹಸ್ತಕ್ಷೇಪರಹಿತ ನೀತಿ’ ಎಂದು ಕರೆಯುತ್ತವೆ. ಸರಕಾರ ವ್ಯಾಪಾರದಲ್ಲಿ ಕೈಹಾಕದೆ ಸುಮ್ಮನಿರಬೇಕು, ಎಲ್ಲವೂ ತನ್ನಷ್ಟಕ್ಕೆ ತಾನೇ ಸರಿಹೋಗುತ್ತದೆ ಎಂಬುದು ಅದರ ಸಾರಾಂಶ.

ಆದರೆ ಈ ಮಾತು ಹುಟ್ಟಿದಾಗ ಅದರಲ್ಲಿ ಎರಡಲ್ಲ, ಮೂರು ಪದಗಳಿದ್ದವು. ನಡುವಿನ ಒಂದು ಸಣ್ಣ ಪದ ದಾರಿಯಲ್ಲಿ ಕಳಚಿಬಿತ್ತು. ಅದು ಕಳಚಿಬಿದ್ದುದರಿಂದ ಏನಾಯಿತೆಂಬುದನ್ನು ನೋಡಬೇಕಾದರೆ ಪ್ಯಾರಿಸಿನಿಂದ ಹೊರಟು, ಲಂಡನ್ನನ್ನು ಹಾದು, ನಮ್ಮ ಸುರಪುರ ಯಾದಗಿರಿಗಳ ಹೊಲಗಳವರೆಗೆ ಬರಬೇಕಾಗುತ್ತದೆ.

ಮೊದಲು ಪದಗಳ ಅರ್ಥ. ‘ಫೇರ್’ ಎಂದರೆ ಮಾಡುವುದು. ‘ಲೆಸ್ಸೇ’ ಎಂದರೆ ‘ಬಿಡಿ’. ಇದಕ್ಕೆ ನಮ್ಮ ‘ಬಿಡು’ ಧಾತುವಿನಷ್ಟು ಸರಿಯಾಗಿ ಹೊಂದುವ ಪದ ಇಂಗ್ಲಿಷಿನಲ್ಲಿಯೂ ಇಲ್ಲವೆನ್ನಬಹುದು. ಏಕೆಂದರೆ ಕನ್ನಡದ ‘ಬಿಡು’ವಿಗೆ ಎರಡು ಮುಖಗಳುಂಟು. ‘ಮಗುವನ್ನು ಆಡಲು ಬಿಡಿ’ ಎಂದಾಗ ಅಡ್ಡಿಮಾಡಬೇಡಿ ಎಂದರ್ಥ. ‘ಮಗುವನ್ನು ಬಿಟ್ಟುಬಿಡಿ’ ಎಂದಾಗ ತೊರೆದು ಹೋಗಿ ಎಂದೂ ಅರ್ಥವಾದೀತು. ಫ್ರೆಂಚರ ಧಾತುವಿಗೂ ಸರಿಯಾಗಿ ಇವೇ ಎರಡು ಮುಖಗಳು: ಅವಕಾಶ ಕೊಡುವುದು ಒಂದು, ಕೈಬಿಡುವುದು ಇನ್ನೊಂದು. ಈ ಮಾತಿನ ಇತಿಹಾಸವೆಲ್ಲ ಮೊದಲನೆಯ ಮುಖದಿಂದ ಎರಡನೆಯ ಮುಖಕ್ಕೆ ಹೊರಳಿಕೊಂಡ ಇತಿಹಾಸ.

ಹುಟ್ಟಿನ ಕಥೆ ಹೀಗಿದೆ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ, ಹದಿನಾಲ್ಕನೆಯ ಲೂಯಿಯ ಕಾಲದಲ್ಲಿ, ಫ್ರಾನ್ಸಿನ ಹಣಕಾಸು ವ್ಯವಹಾರವೆಲ್ಲ ಕೋಲ್ಬೇರ್ ಎಂಬ ಮಂತ್ರಿಯ ಕೈಯಲ್ಲಿತ್ತು. ಆತ ಬಹಳ ದಕ್ಷ, ದುಡಿಮೆಗಾರ. ದೇಶದ ಕೈಗಾರಿಕೆ ಬೆಳೆಯಬೇಕೆಂದು ಆತನಿಗೆ ನಿಜವಾದ ಕಳಕಳಿಯಿತ್ತು. ಆದರೆ ಕಳಕಳಿಯ ಜತೆಗೆ ಕಟ್ಟಳೆಗಳೂ ಇದ್ದವು. ಬಟ್ಟೆಯ ಅಗಲವೆಷ್ಟು, ಎಳೆಗಳೆಷ್ಟು, ಬಣ್ಣ ಹೇಗೆ ಹಾಕಬೇಕು ಎಂಬುದಕ್ಕೆಲ್ಲ ಸರಕಾರದ ನಿಯಮ. ನಿಯಮ ಮೀರಿದ ನೇಕಾರನಿಗೆ ದಂಡ. ಒಮ್ಮೆ ಈ ಮಂತ್ರಿ ವರ್ತಕರನ್ನು ಕರೆಸಿ, ನಿಮಗಾಗಿ ನಾನೇನು ಮಾಡಲಿ ಎಂದು ಕೇಳಿದನಂತೆ. ಲಜಾಂದ್ರ್ ಎಂಬ ವರ್ತಕ ಉತ್ತರ ಕೊಟ್ಟನಂತೆ: ‘ಲೆಸ್ಸೇ ನೂ ಫೇರ್’. ಎಂದರೆ, ‘ನಮ್ಮನ್ನು ಮಾಡಲು ಬಿಡಿ’.

ಈ ಕಥೆ ಅಚ್ಚಾದದ್ದು ಕೋಲ್ಬೇರ್ ಸತ್ತು ಎಷ್ಟೋ ಕಾಲವಾದ ಮೇಲೆ, 1751ರಲ್ಲಿ, ಫ್ರಾನ್ಸಿನ ಒಂದು ಅರ್ಥಶಾಸ್ತ್ರ ಪತ್ರಿಕೆಯಲ್ಲಿ. ಬರೆದವನು ಆರ್ಜಾನ್ಸನ್ ಎಂಬ ಸರದಾರ. ಆದಕಾರಣ ಇದನ್ನು ಬಾಯಿಂದ ಬಾಯಿಗೆ ಬಂದ ಕಥೆಯೆಂದೇ ಇಟ್ಟುಕೊಳ್ಳೋಣ. ಇಲ್ಲಿ ಗಮನಿಸಬೇಕಾದದ್ದು ಆ ‘ನೂ’ ಎಂಬ ಪದ. ‘ನೂ’ ಎಂದರೆ ‘ನಮ್ಮನ್ನು’. ಮಾತನಾಡುತ್ತಿರುವವನು ಆಳುವವನಲ್ಲ, ದುಡಿಯುವವನು. ಅಧಿಕಾರದ ಎದುರು ನಿಂತು ಆತ ಬೇಡುತ್ತಿರುವುದು ತನ್ನ ಕೈಗಳಿಗೆ ಬಿಡುಗಡೆಯನ್ನು. ಹೊಟ್ಟೆಪಾಡಿನವನು ಅರಮನೆಗೆ ಕೊಟ್ಟ ಅರ್ಜಿ ಇದು.

ಆರ್ಜಾನ್ಸನ್ನನ ಕೈಯಲ್ಲಿಯೇ ಈ ‘ನೂ’ ಸಡಿಲವಾಯಿತು. ಆತ ‘ಲೆಸ್ಸೇ ಫೇರ್’ ಎಂದಷ್ಟನ್ನೇ ಒಂದು ಸೂತ್ರದಂತೆ ಬಳಸತೊಡಗಿದ. ಅದನ್ನು ಮನೆಮಾತಾಗಿಸಿದ ಕೀರ್ತಿ ಗೂರ್ನೇ ಎಂಬಾತನಿಗೆ ಸಲ್ಲುತ್ತದೆ. ಗೂರ್ನೇ ಮೊದಲು ತಾನೇ ವರ್ತಕನಾಗಿದ್ದು, ಸ್ಪೇನಿನ ಕಾದಿಸ್ ಬಂದರಿನಲ್ಲಿ ವ್ಯಾಪಾರ ಮಾಡಿ, 1751ರಲ್ಲಿ ವಾಣಿಜ್ಯಾಧಿಕಾರಿಯಾದವನು. ಆತ ಹೇಳುತ್ತಿದ್ದುದು ಜೋಡಿ ಮಾತು: ‘ಲೆಸ್ಸೇ ಫೇರ್, ಲೆಸ್ಸೇ ಪಾಸ್ಸೇ’, ಮಾಡಲು ಬಿಡಿ, ಹಾದುಹೋಗಲು ಬಿಡಿ. ಹಾದುಹೋಗಲು ಏಕೆ ಎಂದರೆ, ಆಗಿನ ಫ್ರಾನ್ಸಿನಲ್ಲಿ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಗೋಧಿ ಸಾಗಿಸಬೇಕಾದರೆ ಹೆಜ್ಜೆಹೆಜ್ಜೆಗೂ ಸುಂಕದ ಕಟ್ಟೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಗಾದೆ ನಮ್ಮಲ್ಲಿ ಹುಟ್ಟಿದ್ದರೂ ಅನುಭವ ಅಲ್ಲಿಯದೂ ಆಗಿತ್ತು. ಒಂದು ಕಡೆ ಧಾನ್ಯ ಕೊಳೆಯುತ್ತಿರುವಾಗ ಪಕ್ಕದ ಸೀಮೆಯವರು ಉಪವಾಸವಿರುವುದು ಯಾವ ನ್ಯಾಯವೆಂಬುದು ಗೂರ್ನೇ ಮತ್ತು ಆತನ ಜತೆಯವರ ಪ್ರಶ್ನೆ. ಈ ಎರಡನೆಯ ಅರ್ಧವಾದ ‘ಲೆಸ್ಸೇ ಪಾಸ್ಸೇ’ ಇಂದಿಗೂ ಬದುಕಿದೆ. ವಿಶ್ವಸಂಸ್ಥೆ ತನ್ನ ಸಿಬ್ಬಂದಿಗೆ ಕೊಡುವ ಪ್ರವಾಸಪತ್ರದ ಹೆಸರು ಅದೇ.

ಗೂರ್ನೇಯ ಸ್ನೇಹಿತ ತ್ಯುರ್ಗೋ ಎಂಬವನು ಈ ಸೂತ್ರವನ್ನು ಆಡಳಿತದಲ್ಲಿ ಪ್ರಯೋಗಿಸಿ ನೋಡಿದ. ಧಾನ್ಯದ ವ್ಯಾಪಾರ ಸ್ವತಂತ್ರವಾಗಿರಬೇಕೆಂದು ಪಟ್ಟು ಹಿಡಿದ ಮನುಷ್ಯ ಈತ. ಆದರೆ 1770ರ ಸುಮಾರಿಗೆ ತಾನು ಅಧಿಕಾರಿಯಾಗಿದ್ದ ಲಿಮೂಸಾಂ ಪ್ರಾಂತದಲ್ಲಿ ಬೆಳೆ ಹೋಗಿ ಕ್ಷಾಮ ಬಂದಾಗ ಆತ ಸೂತ್ರವನ್ನು ಜಪಿಸುತ್ತ ಕೂರಲಿಲ್ಲ. ವ್ಯಾಪಾರಕ್ಕೆ ಅಡ್ಡಿ ಮಾಡದೆಯೇ ಹೊರಗಿನಿಂದ ಧಾನ್ಯ ತರಿಸಿದ. ರಸ್ತೆ ಕೆಲಸ ತೆರೆದು ಬಡವರಿಗೆ ಕೂಲಿ ಕೊಡಿಸಿದ. ಕೆಲಸ ಮಾಡಲಾರದವರಿಗೆ ಅನ್ನದ ಏರ್ಪಾಡು ಮಾಡಿದ. ಮುಂದೆ ಆತನೇ ಫ್ರಾನ್ಸಿನ ಅರ್ಥಮಂತ್ರಿಯಾಗಿ 1774ರ ಸೆಪ್ಟೆಂಬರಿನಲ್ಲಿ ದೇಶದೊಳಗಿನ ಧಾನ್ಯ ವ್ಯಾಪಾರದ ಕಟ್ಟುಗಳನ್ನು ಬಿಚ್ಚಿದ. ಆ ವರ್ಷವೇ ಬೆಳೆ ಕೈಕೊಟ್ಟಿತು. ರೊಟ್ಟಿಯ ಬೆಲೆ ಏರಿತು. 1775ರ ವಸಂತದಲ್ಲಿ ಜನ ಹಿಟ್ಟಿನ ಅಂಗಡಿಗಳ ಮೇಲೆ ಬಿದ್ದರು. ಚರಿತ್ರೆಯಲ್ಲಿ ಅದಕ್ಕೆ ‘ಹಿಟ್ಟಿನ ಯುದ್ಧ’ವೆಂದೇ ಹೆಸರು. ಮರುವರ್ಷ ಮೇ ತಿಂಗಳಲ್ಲಿ ತ್ಯುರ್ಗೋ ಅಧಿಕಾರ ಕಳೆದುಕೊಂಡ. ಈ ಸೂತ್ರವನ್ನು ಅತ್ಯಂತ ಪ್ರಾಮಾಣಿಕವಾಗಿ ನಂಬಿದವನೇ, ಹಸಿದವನ ಕೈಗೆ ಕಾಸಿಲ್ಲದಿದ್ದರೆ ಸೂತ್ರ ನಡೆಯುವುದಿಲ್ಲವೆಂಬುದನ್ನು ಲಿಮೂಸಾಂನಲ್ಲಿ ಕಂಡುಕೊಂಡಿದ್ದ. ಇದನ್ನು ನೆನಪಿನಲ್ಲಿಟ್ಟುಕೊಂಡು ಇಂಗ್ಲೆಂಡಿಗೆ ದಾಟೋಣ.

ಇಂಗ್ಲಿಷಿನಲ್ಲಿ ಈ ಮಾತು ಮೊದಮೊದಲು ಕಾಣಿಸಿಕೊಂಡದ್ದು 1774ರಲ್ಲಿ, ಜಾರ್ಜ್ ವಾಟ್ಲಿ ಎಂಬಾತ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನರ ನೆರವಿನಿಂದ ಹೊರತಂದ ವ್ಯಾಪಾರತತ್ತ್ವದ ಪುಸ್ತಕವೊಂದರಲ್ಲಿ. ಅಲ್ಲಿ ಕೋಲ್ಬೇರನ ಕಥೆಯೂ ಇದೆ. ಎರಡು ವರ್ಷದ ಮೇಲೆ ಆಡಂ ಸ್ಮಿತ್ತನ ‘ರಾಷ್ಟ್ರಗಳ ಸಂಪತ್ತು’ ಪ್ರಕಟವಾಯಿತು. ಸ್ಮಿತ್ ಪ್ಯಾರಿಸಿಗೆ ಹೋಗಿ ತ್ಯುರ್ಗೋ ಮುಂತಾದವರನ್ನು ಕಂಡು ಬಂದವನೇ. ಆದರೂ ಆ ದೊಡ್ಡ ಗ್ರಂಥದಲ್ಲಿ ಎಲ್ಲಿಯೂ ‘ಲೆಸ್ಸೇ ಫೇರ್’ ಎಂಬ ಮಾತನ್ನು ಬಳಸಿಲ್ಲವೆಂಬುದು ಸೋಜಿಗ. ಧಾನ್ಯದ ವ್ಯಾಪಾರವನ್ನು ಕುರಿತ ಅಧ್ಯಾಯವೊಂದು ಮಾತ್ರ ಅದರಲ್ಲಿದೆ. ಬೆಳೆ ಕಡಮೆಯಾದದ್ದು ಕ್ಷಾಮವಾಗಿ ಪರಿಣಮಿಸುವುದು ಸರಕಾರಗಳು ಅಡ್ಡಬರುವುದರಿಂದಲೇ ಎಂದು ಆತ ಅಲ್ಲಿ ವಾದಿಸುತ್ತಾನೆ. ಬಂಗಾಳದ ಕ್ಷಾಮದಲ್ಲಿ ಕಂಪನಿಯ ನೌಕರರು ಅಕ್ಕಿಯ ವ್ಯಾಪಾರಕ್ಕೆ ಹಾಕಿದ ಕಟ್ಟುಪಾಡುಗಳನ್ನೂ ದೂರುತ್ತಾನೆ.

ಈ ಅಧ್ಯಾಯ ಭಾರತಕ್ಕೆ ಬಂದದ್ದು ಒಂದು ಪಾಠಶಾಲೆಯ ಮೂಲಕ. ಈಸ್ಟ್ ಇಂಡಿಯಾ ಕಂಪನಿ ತನ್ನ ಅಧಿಕಾರಿಗಳನ್ನು ತಯಾರುಮಾಡಲು ಹೇಲಿಬರಿಯಲ್ಲಿ ಕಾಲೇಜು ನಡೆಸುತ್ತಿತ್ತು. ಅಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದವನು ಜನಸಂಖ್ಯೆಯ ವಾದದಿಂದ ಹೆಸರಾದ ಮಾಲ್ಥಸ್. 1834ರಲ್ಲಿ ತೀರಿಕೊಳ್ಳುವವರೆಗೂ ಆತ ಅಲ್ಲಿಯೇ ಇದ್ದ. ಹದಿನೆಂಟು ಇಪ್ಪತ್ತರ ಹುಡುಗರು ಈ ಪಾಠ ಓದಿಕೊಂಡು ಹಡಗು ಹತ್ತುತ್ತಿದ್ದರು. 1848ರಲ್ಲಿ ಜಾನ್ ಸ್ಟುಅರ್ಟ್ ಮಿಲ್ ತನ್ನ ಅರ್ಥಶಾಸ್ತ್ರ ಗ್ರಂಥದಲ್ಲಿ ‘ಲೆಸ್ಸೇ ಫೇರ್’ ಸಾಮಾನ್ಯ ನಿಯಮವಾಗಿರಬೇಕೆಂದು ಬರೆದ. ಆತ ಈ ನಿಯಮಕ್ಕೆ ಎಷ್ಟೋ ವಿನಾಯಿತಿಗಳನ್ನೂ ಹೇಳಿದ್ದ. ಆದರೆ ಪರೀಕ್ಷೆಗೆ ಓದುವವರಿಗೆ ನಿಯಮ ನೆನಪಿರುತ್ತದೆ, ವಿನಾಯಿತಿ ಮರೆಯುತ್ತದೆ. ಹೀಗೆ ವರ್ತಕನ ಅರ್ಜಿ ಅಧಿಕಾರಿಯ ಸೂತ್ರವಾಯಿತು. ‘ನಮ್ಮನ್ನು ಮಾಡಲು ಬಿಡಿ’ ಎಂದು ಪ್ರಜೆ ಆಡಿದ ಮಾತನ್ನು, ‘ನಡೆಯುವುದು ನಡೆಯಲಿ ಬಿಡಿ’ ಎಂದು ಪ್ರಭು ಆಡತೊಡಗಿದ.

ಹಾಗೆಂದ ಮಾತ್ರಕ್ಕೆ ಇಲ್ಲಿಗೆ ಬಂದ ಆಂಗ್ಲರೆಲ್ಲ ಈ ಸೂತ್ರಕ್ಕೆ ಕಟ್ಟುಬಿದ್ದವರೆಂದು ತಿಳಿಯಬಾರದು. ಅದಕ್ಕೆ ದೃಷ್ಟಾಂತ ನಮ್ಮ ಸುರಪುರದಲ್ಲೇ ಉಂಟು. ಫಿಲಿಪ್ ಮೆಡೋಸ್ ಟೇಲರ್ ಹೇಲಿಬರಿಯಲ್ಲಿ ಓದಿದವನಲ್ಲ. ಹದಿನೈದು ಹದಿನಾರರ ಪ್ರಾಯದಲ್ಲಿ, 1824ರಲ್ಲಿ, ಭಾರತಕ್ಕೆ ಬಂದು ನಿಜಾಮರ ಸೇವೆಗೆ ಸೇರಿದವನು. ರಾಜಾ ವೆಂಕಟಪ್ಪ ನಾಯಕರು ಇನ್ನೂ ಬಾಲಕರಾಗಿದ್ದಾಗ, 1841ರಿಂದ 1853ರವರೆಗೆ, ಸುರಪುರದ ಆಡಳಿತ ಈತನ ಕೈಯಲ್ಲಿತ್ತು. ಕೃಷ್ಣಾ ಭೀಮಾ ನದಿಗಳ ನಡುವಿನ ಈ ಸೀಮೆಯಲ್ಲಿ ಎರಡೂ ಕಡೆ ಹೊಳೆಯಿದ್ದರೂ ಹೊಲಕ್ಕೆ ನೀರಿಲ್ಲ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ. ನಾಯಕ ಅರಸರು ಕೆರೆಗಳನ್ನು ಕಟ್ಟಿಸಿದ್ದ ಈ ನಾಡಿನಲ್ಲಿ ಟೇಲರನೂ ಆ ದಾರಿಯನ್ನೇ ಹಿಡಿದ. ಇಂದು ಪಕ್ಷಿಧಾಮವೆಂದು ಹೆಸರಾಗಿರುವ ಬೋನಾಳ ಕೆರೆ ಆತನ ಕಾಲದಲ್ಲಿ ಜೀರ್ಣೋದ್ಧಾರವಾಗಿ ಹಿಗ್ಗಿತು. ಮಳೆ ಬರುವುದನ್ನೂ ಬಿಡುವುದನ್ನೂ ದೈವಕ್ಕೆ ಬಿಡಬಹುದು, ಬಂದ ನೀರನ್ನು ಹರಿದುಹೋಗಲು ಬಿಡಬಾರದೆಂಬುದು ಕೆರೆ ಕಟ್ಟುವವರ ಅರ್ಥಶಾಸ್ತ್ರ. ಟೇಲರ್ ಫ್ರಾನ್ಸಿನ ಮಾಂತೋಂ ಎಂಬ ಊರಿನಲ್ಲಿ 1876ರ ಮೇ ತಿಂಗಳಲ್ಲಿ ತೀರಿಕೊಂಡ. ಅದೇ ವರ್ಷದ ಮಳೆಗಾಲದಲ್ಲಿ ದಖ್ಖಣದ ಮೇಲೆ ಮೋಡ ನಿಲ್ಲಲಿಲ್ಲ.

ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆದ ಕ್ಷಾಮ ಇದೇ. ಧಾರವಾಡ, ಕಲಾದಗಿ, ಬಳ್ಳಾರಿ, ಮೈಸೂರು ಸೀಮೆ, ಹೈದರಾಬಾದ್ ಸಂಸ್ಥಾನದ ನೈಋತ್ಯ ಭಾಗ ಎಲ್ಲವೂ ಇದಕ್ಕೆ ಸಿಕ್ಕಿದವು. ಯಾದಗಿರಿಯ ಸಮೀಪದ ಹತ್ತಿಕುಣಿಯಂಥ ಒಂದು ಊರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆಗಿನ ಪರಿಸ್ಥಿತಿ ಅರ್ಥವಾಗುತ್ತದೆ. ಊರಿನ ಹೆಸರಿನಲ್ಲಿ ಹತ್ತಿಯೂ ಉಂಟು, ಕುಣಿಯೂ ಉಂಟು. ಕುಣಿಯೆಂದರೆ ಈ ಸೀಮೆಯ ಮಾತಿನಲ್ಲಿ ನೆಲದಲ್ಲಿ ತೋಡಿದ ಗುಂಡಿ. ಈ ಭಾಗದ ರೈತ ಜೋಳವನ್ನು ಹಗೇವಿನಲ್ಲಿ, ಎಂದರೆ ನೆಲದೊಳಗಿನ ಕಣಜದಲ್ಲಿ, ತುಂಬಿಟ್ಟು ಒಂದೆರಡು ವರ್ಷದ ಬರವನ್ನು ನೀಗುತ್ತಿದ್ದ. ಹತ್ತಿ ಮಾರುವುದಕ್ಕೆ, ಜೋಳ ಉಣ್ಣುವುದಕ್ಕೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ ಹೋದಾಗ ದಖ್ಖಣದ ಹತ್ತಿಗೆ ಬಂಗಾರದ ಬೆಲೆ ಬಂದು, ಯುದ್ಧ ಮುಗಿದೊಡನೆ ಇಳಿದುಹೋಯಿತು. 1871ರಲ್ಲಿ ಮುಂಬಯಿಯ ರೈಲು ಯಾದಗಿರಿಯನ್ನು ಹಾದು ರಾಯಚೂರಿನಲ್ಲಿ ಮದರಾಸಿನ ರೈಲನ್ನು ಕೂಡಿತು. ಅಲ್ಲಿಂದ ಮುಂದೆ ಜೋಳವೂ ಮಾರುವ ಪದಾರ್ಥವಾಯಿತು. ಹತ್ತಿಕುಣಿಯವರು ನಿಜಾಮರ ಪ್ರಜೆಗಳು, ಬಳ್ಳಾರಿಯವರು ಬ್ರಿಟಿಷರ ಪ್ರಜೆಗಳು. ಆದರೆ ರೈಲು ಗಡಿ ನೋಡಲಿಲ್ಲ, ಬೆಲೆಯೂ ನೋಡಲಿಲ್ಲ. ದೂರದ ಧಾನ್ಯವನ್ನು ತಂದು ಇಳಿಸಿದ ಅದೇ ರೈಲು ದೂರದ ದುಬಾರಿ ಬೆಲೆಯನ್ನೂ ತಂದು ಇಳಿಸಿತು.

‘ಲೆಸ್ಸೇ ಪಾಸ್ಸೇ’ ಎಂದು ಗೂರ್ನೇ ಬಯಸಿದ್ದು ಈಗ ಉಗಿಯ ಬಲದಿಂದ ಸಿದ್ಧಿಸಿತ್ತು. ಆದರೂ ಜನ ಸತ್ತರು. ಏಕೆ? ಧಾನ್ಯ ಹೋಗುವುದು ಹಸಿವಿದ್ದ ಕಡೆಗಲ್ಲ, ಹಣವಿದ್ದ ಕಡೆಗೆ. ಮಳೆ ಹೋದ ಮೇಲೆ ಹೊಲದಲ್ಲಿ ಕೆಲಸವಿಲ್ಲ. ಕೆಲಸವಿಲ್ಲದ ಮೇಲೆ ಕೂಲಿಯಿಲ್ಲ. ಕೂಲಿಯಿಲ್ಲದವನಿಗೆ ಸಂತೆಯಲ್ಲಿ ಜೋಳದ ರಾಶಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತ್ಯುರ್ಗೋ ಲಿಮೂಸಾಂನಲ್ಲಿ ಕಂಡದ್ದು ಇದನ್ನೇ.

ಆಗ ವೈಸರಾಯರಾಗಿದ್ದವರು ಲಾರ್ಡ್ ಲಿಟ್ಟನ್. ಮದರಾಸು ಸರಕಾರ ಮುಂಜಾಗ್ರತೆಯಿಂದ 30,000 ಟನ್ ಧಾನ್ಯ ಕೊಳ್ಳುವ ಏರ್ಪಾಡು ಮಾಡಿತ್ತು. ಸರಕಾರ ಧಾನ್ಯ ಕೊಳ್ಳುವುದು ವ್ಯಾಪಾರದಲ್ಲಿ ಕೈಹಾಕಿದಂತೆ ಎಂದು ವೈಸರಾಯರ ಸರಕಾರ ಇದನ್ನು ಮೆಚ್ಚಲಿಲ್ಲ. 1877ರ ಜನವರಿ 1ರಂದು, ಬರ ಹಬ್ಬುತ್ತಿದ್ದಾಗಲೇ, ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಯಿತು. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಎಂಬ ಮಾತು ಒಂದು ಸಾಮ್ರಾಜ್ಯಕ್ಕೆ ಇಷ್ಟು ಚೆನ್ನಾಗಿ ಒಪ್ಪಿದ್ದು ಅಪರೂಪ.

ದರ್ಬಾರು ಮುಗಿದ ಮೇಲೆ ಕ್ಷಾಮದ ಖರ್ಚನ್ನು ಬಿಗಿಹಿಡಿಯಲು ಸರ್ ರಿಚರ್ಡ್ ಟೆಂಪಲ್ಲರನ್ನು ದಕ್ಷಿಣಕ್ಕೆ ಕಳುಹಿಸಿದರು. ಈ ಟೆಂಪಲ್ಲರ ಹಿಂದಿನ ಕಥೆಯನ್ನೂ ಹೇಳಬೇಕು. ಮೂರು ವರ್ಷದ ಕೆಳಗೆ, 1874ರಲ್ಲಿ, ಬಿಹಾರದ ಕ್ಷಾಮವನ್ನು ನಿರ್ವಹಿಸಿದವರು ಅವರೇ. ಆಗ ಬರ್ಮಾದಿಂದ ನಾಲ್ಕು ಲಕ್ಷ ಟನ್ನಿಗೂ ಮಿಕ್ಕು ಅಕ್ಕಿಯನ್ನು ಸರಕಾರವೇ ತರಿಸಿತು. ಹಸಿವಿನಿಂದ ಸತ್ತವರು ಬಹಳ ಕಡಮೆ. ಅದಕ್ಕಾಗಿ ಟೆಂಪಲ್ಲರಿಗೆ ಸಿಕ್ಕಿದ್ದು ಹೊಗಳಿಕೆಯಲ್ಲ, ದುಂದುಗಾರರೆಂಬ ಬಿರುದು. ಆ ಬಿರುದನ್ನು ಕಳೆದುಕೊಳ್ಳುವ ಅವಕಾಶ ಈಗ ಬಂದಿತ್ತು. ಪರಿಹಾರ ಕಾಮಗಾರಿಯಲ್ಲಿ ಮೈಮುರಿದು ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ರಾತಲು ಧಾನ್ಯ, ಮೇಲೆ ಒಂದು ಆಣೆ ಸಾಕೆಂದು ಅವರು ಗೊತ್ತುಮಾಡಿದರು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್, ಇಷ್ಟರಲ್ಲಿ ದುಡಿಯುವ ದೇಹ ಉಳಿಯದು ಎಂದು ಬಲವಾಗಿ ವಿರೋಧಿಸಿದರು. ಮುಂಬಯಿ ಪ್ರಾಂತದಲ್ಲಿ ಕೂಲಿಗಳೇ ಕೆಲಸ ಬಿಟ್ಟು ನಡೆದರು; ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. ಕೆಲವು ತಿಂಗಳ ಮೇಲೆ ಮದರಾಸಿನಲ್ಲಿ ಕೂಲಿಯನ್ನು ಹೆಚ್ಚಿಸಬೇಕಾಯಿತು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು.

ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಅಲ್ಲಿ ಸುಮಾರು 50 ಲಕ್ಷದ 55 ಸಾವಿರ ಜನ. 1881ರಲ್ಲಿ 41 ಲಕ್ಷದ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಮೀರಿ ಕುಗ್ಗಿತು. ಬ್ರಿಟಿಷ್ ಪ್ರಾಂತಗಳಲ್ಲಿ ಸತ್ತವರು 50 ಲಕ್ಷಕ್ಕೂ ಮಿಕ್ಕೆಂದು ಸರಕಾರ ನೇಮಿಸಿದ ಆಯೋಗವೇ ಅಂದಾಜುಮಾಡಿತು.

ಕೈಹಾಕಬಾರದೆಂಬ ಈ ಸೂತ್ರ ಎಲ್ಲ ಕಡೆಗೂ ಒಂದೇ ಸಮನಾಗಿ ನಡೆದಿದ್ದರೆ ಅದನ್ನು ಕುರುಡು ನಂಬಿಕೆಯೆಂದಾದರೂ ಕ್ಷಮಿಸಬಹುದಿತ್ತು. ಆದರೆ ಕಂದಾಯ ವಸೂಲಿಯಲ್ಲಿ ಸರಕಾರ ರೈತನನ್ನು ಅವನ ಪಾಡಿಗೆ ಬಿಡಲಿಲ್ಲ. ಮ್ಯಾಂಚೆಸ್ಟರಿನ ಗಿರಣಿಗಳ ವಿಷಯದಲ್ಲಿಯೂ ಸುಮ್ಮನಿರಲಿಲ್ಲ. ಬರದ ಬೆನ್ನಲ್ಲೇ, 1879ರಲ್ಲಿ, ಲಿಟ್ಟನ್ ತನ್ನ ಸಲಹಾಮಂಡಲಿಯ ಬಹುಮತವನ್ನು ಮೀರಿ ಇಂಗ್ಲೆಂಡಿನ ಒರಟು ಬಟ್ಟೆಯ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿದ. 1882ರಲ್ಲಿ ಉಳಿದ ಸುಂಕವೂ ಹೋಯಿತು. ನಮ್ಮ ಹತ್ತಿ ಹೊರಗೆ ಹೋಗಲು ಬಿಡಿ, ಅವರ ಬಟ್ಟೆ ಒಳಗೆ ಬರಲು ಬಿಡಿ! ಕೋಲ್ಬೇರನ ಎದುರು ನಿಂತ ವರ್ತಕನ ‘ನಮ್ಮನ್ನು’ ಎಂಬ ಪದ ಇಲ್ಲಿ ಮತ್ತೆ ಕಾಣಿಸಿಕೊಂಡಿತು. ಆದರೆ ಆ ‘ನಾವು’ ಎಂಬುದರಲ್ಲಿ ನೂಲುವವರು, ನೇಯುವವರು, ಹತ್ತಿ ಬೆಳೆಯುವವರು ಸೇರಿರಲಿಲ್ಲ.

ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂದು ಹೇಳಬಹುದಾದರೂ, ಬಾಗಿಲನ್ನು ಹಾಕಿದ್ದೂ ನಿಜ. ಸರ್ ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯ ಆಯೋಗ 1880ರಲ್ಲಿ ವರದಿ ಒಪ್ಪಿಸಿತು. ಬರದಲ್ಲಿ ಜನ ಸಾಯುವುದು ಧಾನ್ಯವಿಲ್ಲದೆ ಮಾತ್ರವಲ್ಲ, ಕೂಲಿಯಿಲ್ಲದೆ ಎಂಬುದನ್ನು ಅದು ಒಪ್ಪಿಕೊಂಡಿತು. ಕೆಲಸ ತೆರೆಯುವುದು, ನಿತ್ರಾಣರಿಗೆ ಊಟ ಹಾಕುವುದು, ಕಂದಾಯ ಬಿಡುವುದು, ಕಾಲುವೆ ರೈಲುಗಳನ್ನು ಕಟ್ಟುವುದು, ಇವೆಲ್ಲ ಸರಕಾರದ ಕರ್ತವ್ಯವೆಂದು ಮುಂದೆ ‘ಕ್ಷಾಮ ಸಂಹಿತೆ’ಗಳಲ್ಲಿ ಬರೆದಿಟ್ಟರು. ನೂರು ವರ್ಷದ ಮೇಲೆ, 1981ರಲ್ಲಿ, ಅಮರ್ತ್ಯ ಸೇನರು ಇದೇ ಎಳೆಯನ್ನು ಹಿಡಿದು, ಕ್ಷಾಮವೆಂದರೆ ಅನ್ನದ ಅಭಾವವಲ್ಲ, ಅನ್ನ ಪಡೆಯುವ ಶಕ್ತಿಯ ಅಭಾವ ಎಂಬ ವಿಚಾರವನ್ನು ಶಾಸ್ತ್ರವಾಗಿ ಕಟ್ಟಿದರು. ಅದಕ್ಕೂ ಮುಂಚೆ, 1926ರಲ್ಲಿ, ಇಂಗ್ಲೆಂಡಿನ ಕೇನ್ಸ್ ‘ಲೆಸ್ಸೇ ಫೇರಿನ ಅಂತ್ಯ’ ಎಂಬ ಹೆಸರಿನ ಪುಸ್ತಿಕೆಯನ್ನೇ ಬರೆದಿದ್ದ. ಮಾತು ಮಾತ್ರ ಅಂತ್ಯವಾಗಲಿಲ್ಲ.

ಆಗಬೇಕೆಂದೂ ಇಲ್ಲ. ಅಡ್ಡಿ ಮಾಡಬೇಡಿ ಎಂದು ದುಡಿಯುವವನು ಕೇಳುವ ಹಕ್ಕು ದೊಡ್ಡದು. ತನ್ನ ಬೆಳೆಯನ್ನು ಬೇಕಾದ ಪೇಟೆಗೆ ಒಯ್ಯುವ ರೈತ, ತನ್ನ ಮಗ್ಗದಲ್ಲಿ ಬೇಕಾದ ಅಗಲಕ್ಕೆ ನೇಯುವ ನೇಕಾರ, ಕೊಟ್ಟ ಅರ್ಜಿ ಕಚೇರಿಯ ಮೇಜಿನಿಂದ ಮೇಜಿಗೆ ಅಲೆಯುವುದನ್ನು ನೋಡಿ ನಿಟ್ಟುಸಿರಿಡುವ ಸಣ್ಣ ವ್ಯಾಪಾರಿ, ಇವರೆಲ್ಲ ಇಂದಿಗೂ ಲಜಾಂದ್ರನ ಮಾತನ್ನು ಆಡಬಲ್ಲರು, ಆಡಿದರೆ ನ್ಯಾಯವೇ. ಅದೇ ಮಾತನ್ನು ಅಧಿಕಾರದಲ್ಲಿರುವವನು ಹಸಿದವನ ಎದುರು ಆಡಿದಾಗ ಮಾತ್ರ ಅರ್ಥ ತಲೆಕೆಳಗಾಗುತ್ತದೆ. ಆದ್ದರಿಂದ ಈ ಮಾತು ಕಿವಿಗೆ ಬಿದ್ದಾಗಲೆಲ್ಲ, ‘ಬಿಡಿ’ ಎನ್ನುತ್ತಿರುವವರು ಯಾರು, ಯಾರನ್ನು ಬಿಡಬೇಕೆನ್ನುತ್ತಿದ್ದಾರೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಸುರಪುರ ಶಹಾಪುರಗಳ ಹೊಲಗಳಿಗೆ ಇಂದು ನಾರಾಯಣಪುರದ ಅಣೆಕಟ್ಟಿನಿಂದ ಕೃಷ್ಣೆಯ ನೀರು ಬರುತ್ತದೆ. ಹತ್ತಿಕುಣಿಯಲ್ಲಿಯೂ ಒಂದು ಜಲಾಶಯವಿದೆ. ಈ ಕಟ್ಟೆಗಳನ್ನು ಯಾವ ವರ್ತಕನೂ ಲಾಭಕ್ಕಾಗಿ ಕಟ್ಟಲಿಲ್ಲ. ಸರಕಾರ ಕೈಹಾಕಿದ್ದರಿಂದ ಅವು ಎದ್ದವು. ಅವುಗಳ ನೀರಿನಲ್ಲಿ ಏನು ಬೆಳೆಯಬೇಕು, ಬೆಳೆದದ್ದನ್ನು ಎಲ್ಲಿ ಮಾರಬೇಕು ಎಂಬುದನ್ನು ರೈತ ನಿಶ್ಚಯಿಸುತ್ತಾನೆ. ತೂಬಿನವರೆಗೆ ನೀರು ತಂದುಕೊಡುವುದು ಸರಕಾರದ ಕೆಲಸ. ತೂಬಿನಿಂದ ಆಚೆಗೆ, ಲೆಸ್ಸೇ ನೂ ಫೇರ್.